ಹರಕೆಯ ಅಂಗ, ಅರ್ಪಣದ ಅಂಗ

ಕನ್ನಡದ ‘ಹರಕೆ’ ಎಂಬ ಮಾತು ‘ಹರಸು’ ಎಂಬುದರಿಂದ ಬಂದುದು; ಹಳಗನ್ನಡದಲ್ಲಿ ಅದು ‘ಪರಸು’. ಹಿರಿಯರು ಕಿರಿಯರಿಗೆ ಕೊಡುವ ಆಶೀರ್ವಾದಕ್ಕೂ ಭಕ್ತನು ದೈವದ ಮುಂದೆ ಕಟ್ಟಿಕೊಳ್ಳುವ ಕಟ್ಟಿಗೂ ಹೀಗೆ ಒಂದೇ ಮೂಲ. ಆದರೆ ಜನರ ಬಳಕೆಯಲ್ಲಿ ಹರಕೆಯನ್ನು ‘ಹೊರು’ತ್ತಾರೆ, ಆಮೇಲೆ ‘ತೀರಿಸು’ತ್ತಾರೆ. ಹೊರುವುದು ಭಾರವನ್ನು, ತೀರಿಸುವುದು ಸಾಲವನ್ನು. ಆಶೀರ್ವಾದದ ಮಾತು ಸಾಲದ ಮಾತಾಗಿ ಹೋದ ಈ ಒಂದು ಸಂಗತಿಯಲ್ಲಿಯೇ ಹರಕೆಯ ಕುರಿತ ಬಹುಪಾಲು ಜಿಜ್ಞಾಸೆ ಅಡಗಿದೆ.

ವಿಜಯಪುರದ ಜಲನಗರದಂಥ ಬಡಾವಣೆಗಳಿಂದ ಹಿಡಿದು ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳವರೆಗೆ ಸವದತ್ತಿಯ ಎಲ್ಲಮ್ಮನಿಗೆ, ಬಾದಾಮಿಯ ಬನಶಂಕರಿಗೆ ನಡೆದುಕೊಳ್ಳುವ ಮನೆತನಗಳು ಅನೇಕ. ಮನೆಯಲ್ಲಿ ಮಗುವಿಗೆ ಕಣ್ಣುಬೇನೆ ಬಂದರೆ ತಾಯಿ ದೇವಿಗೆ ಬೆಳ್ಳಿಯ ಕಣ್ಣುಬಟ್ಟು ಬೇಡಿಕೊಳ್ಳುತ್ತಾಳೆ. ಮಕ್ಕಳಿಲ್ಲದವರು ತೊಟ್ಟಿಲು ಬೇಡಿಕೊಳ್ಳುತ್ತಾರೆ. ಕಾಲು ನೊಂದವರು ಕಾಲನ್ನು, ಕೈ ನೊಂದವರು ಕೈಯನ್ನು. ಪತ್ತಾರರ ಅಂಗಡಿಯಲ್ಲಿ ಬೆಳ್ಳಿಯ ತೆಳುವಾದ ತಗಡಿನ ಮೇಲೆ ಅಚ್ಚೊತ್ತಿದ ಇಂಥ ಅಂಗಗಳು ದೊರೆಯುತ್ತವೆ. ಅವನ್ನು ಕೊಳ್ಳುವವರಲ್ಲಿ ಕೊರಳಲ್ಲಿ ಇಷ್ಟಲಿಂಗ ಧರಿಸಿದವರೂ ಇದ್ದಾರೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಮಠಗಳ ಪ್ರವಚನದಲ್ಲಿ ಇದನ್ನು ಅನ್ಯದೈವದ ಸೇವೆಯೆಂದು ಖಂಡಿಸುವುದುಂಟು. ಖಂಡನೆಯನ್ನು ಕೇಳಿ ಮನೆಗೆ ಹೋದ ತಾಯಿ, ಮಗುವಿನ ಕಣ್ಣು ಕೆಂಪಾದ ದಿನ ಮತ್ತೆ ಬೇಡಿಕೊಳ್ಳುವುದೂ ಉಂಟು. ಆಕೆ ಮಾಡುತ್ತಿರುವುದು ಏನು, ಅದರಲ್ಲಿ ಶಿವಭಕ್ತಿಗೆ ಸಲ್ಲುವ ಅಂಶ ಯಾವುದು, ಸಲ್ಲದ ಅಂಶ ಯಾವುದು ಎಂಬುದನ್ನು ಖಂಡನೆಗೆ ಮೊದಲೇ ವಿಚಾರಿಸುವುದು ಯುಕ್ತ.

ಕರ್ನಾಟಕದಲ್ಲಿ ಈ ಸಂಪ್ರದಾಯವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಶಿವನ ಸನ್ನಿಧಿಯಲ್ಲಿಯೇ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಉಜಿರೆಗೆ ಸಮೀಪದ ನಡ ಗ್ರಾಮದಲ್ಲಿ, ಸುರ್ಯ ಎಂಬ ಕ್ಷೇತ್ರವಿದೆ. ಅಲ್ಲಿಯ ದೇವರು ಸದಾಶಿವರುದ್ರ. ಭಕ್ತರು ಅಲ್ಲಿ ಒಪ್ಪಿಸುವುದು ಬೆಳ್ಳಿಬಂಗಾರವನ್ನಲ್ಲ, ಮಣ್ಣಿನ ಗೊಂಬೆಯನ್ನು. ಕೈ ನೊಂದಿದ್ದವನು ಮಣ್ಣಿನ ಕೈಯನ್ನು, ಕಾಲು ನೊಂದಿದ್ದವನು ಮಣ್ಣಿನ ಕಾಲನ್ನು, ಸಂತಾನ ಪಡೆದವರು ಮಣ್ಣಿನ ಮಗುವನ್ನು, ಮನೆ ಕಟ್ಟಿಸಿದವರು ಮಣ್ಣಿನ ಮನೆಯನ್ನು ತಂದು ಪೂಜೆ ಮಾಡಿಸುತ್ತಾರೆ. ಕಾಲ ಬದಲಾದಂತೆ ಮಣ್ಣಿನ ಕಾರು, ಮಣ್ಣಿನ ಕಂಪ್ಯೂಟರುಗಳೂ ಬಂದಿವೆ. ನಗುವವರು ನಗಬಹುದು, ಆದರೆ ಒಂದು ಕಾಲದ ಜನರ ಆಸೆ ಆತಂಕಗಳನ್ನು ಅರಿಯಲು ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ದೊರೆಯುವುದು ಕಷ್ಟ. ಪೂಜೆಯಾದ ಮೇಲೆ ಗೊಂಬೆಗಳನ್ನು ದೇವಾಲಯಕ್ಕೆ ಸೇರಿದ ಹರಕೆಯ ಬನಕ್ಕೆ ಒಯ್ದು ಮರಗಳ ಕೆಳಗೆ ಇಡುತ್ತಾರೆ. ಅಲ್ಲಿ ಅವಕ್ಕೆ ಮಾಡಿಲ್ಲ, ಗೋಡೆಯಿಲ್ಲ. ಹಳೆಯವು ಒಡೆದು ಮಣ್ಣಾಗುತ್ತಿರುವಂತೆಯೇ ಅವುಗಳ ಮೇಲೆ ಹೊಸವು ಬಂದು ಸೇರುತ್ತವೆ. ಸಿರಿವಂತನ ಹರಕೆಗೂ ಬಡವನ ಹರಕೆಗೂ ಅಲ್ಲಿ ಒಂದೇ ಮಣ್ಣು. ಈ ಒಂದು ಗುಣಕ್ಕಾಗಿಯಾದರೂ ಸುರ್ಯದ ಪದ್ಧತಿಯು ಬೆಳ್ಳಿಯ ಪದ್ಧತಿಗಿಂತ ಮೇಲಾದುದೆಂದು ಹೇಳಬೇಕು.

ಆ ಕ್ಷೇತ್ರದ ಐತಿಹ್ಯವೂ ಗಮನಾರ್ಹವಾದುದು. ಮಗನೊಡನೆ ಕಾಡಿಗೆ ಹೋದ ಹೆಂಗಸೊಬ್ಬಳ ಕತ್ತಿ ಪೊದೆಯೊಳಗಿದ್ದ ಕಲ್ಲಿಗೆ ತಾಗಿ, ಆ ಕಲ್ಲಿನಿಂದ ರಕ್ತ ಒಸರಿತು. ಬೆದರಿದ ಆಕೆ ‘ಸುರ್ಯಾ’ ಎಂದು ಮಗನನ್ನು ಕೂಗಿದಳು. ಕಲ್ಲು ಶಿವಸ್ವರೂಪವೆಂದು ತಿಳಿಯಿತು, ಸ್ಥಳಕ್ಕೆ ಆ ಕೂಗೇ ಹೆಸರಾಯಿತು. ಮನುಷ್ಯರ ಗಾಯಗಳನ್ನು ಮಾಯಿಸುವ ದೇವನು ಆ ಕಥೆಯಲ್ಲಿ ಮೊದಲು ತಾನೇ ಗಾಯಗೊಂಡವನು. ಈ ಸಂಗತಿಯು ಮುಂದೆ ಕಣ್ಣಪ್ಪನ ಪ್ರಸಂಗದಲ್ಲಿ ಮತ್ತೆ ಎದುರಾಗುವುದು.

ಅಂಗವನ್ನು ರೂಪಿಸಿ ಒಪ್ಪಿಸುವ ಈ ಆಚಾರ ಈ ನಾಡಿಗಷ್ಟೇ ಸೇರಿದುದಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸ್ ಮತ್ತು ಇಟಲಿಯಲ್ಲಿ ಅದು ಹೇಗೆ ನಡೆಯುತ್ತಿತ್ತೆಂಬುದಕ್ಕೆ ಭೂಮಿಯೊಳಗಿನಿಂದಲೇ ಸಾಕ್ಷ್ಯ ದೊರೆತಿದೆ. ಕ್ರಿ.ಪೂ. 293ರಲ್ಲಿ ರೋಮ್ ನಗರಕ್ಕೆ ಸಾಂಕ್ರಾಮಿಕ ರೋಗ ತಗುಲಿದಾಗ, ಅಲ್ಲಿಯವರು ಗ್ರೀಸಿನ ಎಪಿಡಾರಸ್ ಕ್ಷೇತ್ರದಿಂದ ವೈದ್ಯದೇವನಾದ ಅಸ್ಕ್ಲೀಪಿಯಸನನ್ನು ಬರಮಾಡಿಕೊಂಡರು. ಹಡಗಿನಲ್ಲಿ ಬಂದ ಅವನ ಸರ್ಪವು ಟೈಬರ್ ನದಿಯ ನಡುಗಡ್ಡೆಗೆ ಈಜಿಹೋಯಿತೆಂದು ಕಥೆ, ಕ್ರಿ.ಪೂ. 291ರಲ್ಲಿ ಅಲ್ಲಿಯೇ ಅವನಿಗೆ ದೇವಾಲಯವಾಯಿತು. ಆ ಪರಿಸರದ ನದೀಪಾತ್ರದಿಂದ ಸುಟ್ಟ ಮಣ್ಣಿನ ಕೈಕಾಲುಗಳು ವಿಪುಲವಾಗಿ ದೊರೆತಿವೆ. ಆ ನಡುಗಡ್ಡೆಯಲ್ಲಿ ಇಂದಿಗೂ ಒಂದು ಆಸ್ಪತ್ರೆ ನಡೆಯುತ್ತಿದೆ.

ರೋಮಿನ ಪೂರ್ವಕ್ಕೆ ಪೊಂಟೆ ದಿ ನೋನಾ ಎಂಬಲ್ಲಿ 1970ರ ದಶಕದಲ್ಲಿ ಉತ್ಖನನ ನಡೆದಾಗ 8,000ಕ್ಕೂ ಹೆಚ್ಚು ಮಣ್ಣಿನ ಹರಕೆಗಳು ಬೆಳಕಿಗೆ ಬಂದವು. ಅವುಗಳಲ್ಲಿ ಪಾದಗಳೂ ಕೈಗಳೂ ಬಹಳ, ಕಣ್ಣುಗಳೂ ಇದ್ದವು. ದುಡಿಯುವ ಒಕ್ಕಲುಮಕ್ಕಳ ಕ್ಷೇತ್ರವಾದುದರಿಂದ ಕೈಕಾಲುಗಳ ಬೇನೆ ಅಲ್ಲಿ ಹೆಚ್ಚಾಗಿದ್ದೀತು ಎಂದು ವಿದ್ವಾಂಸರು ಊಹಿಸಿದ್ದಾರೆ. ಇಟಲಿಯ ಬೇರೆ ಕ್ಷೇತ್ರಗಳಲ್ಲಿ ಗರ್ಭಕೋಶದ, ಮೊಲೆಯ, ಕರುಳಿನ ಪ್ರತಿಕೃತಿಗಳೂ ಸಿಕ್ಕಿವೆ. ಫ್ರಾನ್ಸಿನಲ್ಲಿ ಸೇನ್ ನದಿಯ ಉಗಮದ ಬಳಿ, ಹಾಗೆಯೇ ಶಮಲಿಯೇರ್ ಎಂಬಲ್ಲಿ, ಜೌಗು ನೆಲದಲ್ಲಿ ಉಳಿದುಬಂದ ಮರದ ಅಂಗಗಳು 1960ರ ದಶಕದಲ್ಲಿ ಹೊರಬಂದವು. ಮಣ್ಣು, ಮರ, ಲೋಹ ಎಂಬ ಭೇದ ಸ್ಥಳಕ್ಕೆ ಅನುಸಾರವಾಗಿ ಇದ್ದಿತೇ ಹೊರತು ಭಾವದಲ್ಲಿ ಭೇದವಿರಲಿಲ್ಲ.

ಆ ಜನರ ಹರಕೆಯ ಕ್ರಮವನ್ನು ಅವರ ಶಿಲಾಲೇಖಗಳೇ ತಿಳಿಸುತ್ತವೆ. ಲ್ಯಾಟಿನ್ ಭಾಷೆಯಲ್ಲಿ ಹರಕೆಗೆ ‘ವೋಟುಮ್’ ಎಂದು ಹೆಸರು. ಹರಕೆಯ ಕಲ್ಲುಗಳ ಕೊನೆಯಲ್ಲಿ ಸಾಮಾನ್ಯವಾಗಿ ನಾಲ್ಕು ಅಕ್ಷರಗಳ ಒಂದು ಸಂಕ್ಷೇಪ ಇರುತ್ತದೆ. ಬಿಡಿಸಿ ಓದಿದರೆ ‘ವೋಟುಮ್ ಸೋಲ್ವಿತ್ ಲಿಬೆನ್ಸ್ ಮೆರಿಟೋ’, ಅಂದರೆ ಹರಕೆಯನ್ನು ಸಂತೋಷದಿಂದ, ಸಲ್ಲತಕ್ಕಂತೆ ತೀರಿಸಿದನು ಎಂದರ್ಥ. ಇಲ್ಲಿಯೂ ಕ್ರಿಯಾಪದ ‘ತೀರಿಸು’ ಎಂಬುದೇ. ಕನ್ನಡಿಗನೂ ರೋಮಿನವನೂ ಪರಸ್ಪರ ಅರಿಯದೆಯೇ ಒಂದೇ ಲೇವಾದೇವಿಯ ಮಾತನ್ನು ದೇವರ ಮುಂದೆ ಬಳಸಿದರು.

ತೀರಿದ ಹರಕೆಗಳನ್ನು ಏನು ಮಾಡಬೇಕೆಂಬ ಚಿಂತೆ ಅಲ್ಲಿಯೂ ಇದ್ದಿತು. ಮಣ್ಣಿನ ಅಂಗಗಳು ಗುಡಿಯಲ್ಲಿ ತುಂಬಿದಾಗ, ಒಮ್ಮೆ ದೇವರಿಗೆ ಸಂದುದು ಮತ್ತೆ ಲೌಕಿಕಕ್ಕೆ ಬರಬಾರದೆಂದು, ಕ್ಷೇತ್ರದ ಎಲ್ಲೆಯೊಳಗೇ ಗುಂಡಿ ತೋಡಿ ಹೂಳುತ್ತಿದ್ದರು. ಇಂದಿನ ಸಂಶೋಧಕರಿಗೆ ಅವು ರಾಶಿರಾಶಿಯಾಗಿ ದೊರೆಯಲು ಈ ನಿಯಮವೇ ಕಾರಣ. ಬೆಳ್ಳಿಬಂಗಾರದ ಗತಿ ಬೇರೆ. ಅಥೆನ್ಸಿನಲ್ಲಿ ವೈದ್ಯವೀರನೊಬ್ಬನ ಗುಡಿಗೆ ಸಂಬಂಧಿಸಿದ ಕ್ರಿ.ಪೂ. 3ನೆಯ ಶತಮಾನದ ಶಾಸನವು, ಭಕ್ತರು ಕೊಟ್ಟ ಬೆಳ್ಳಿಯ ಚಿಕ್ಕ ಹರಕೆಗಳನ್ನು ಕರಗಿಸಿ ದೇವರಿಗೆ ಒಂದು ಪಾತ್ರೆ ಮಾಡಿಸಲು ಅಪ್ಪಣೆಯಾದುದನ್ನು ಹೇಳುತ್ತದೆ. ಕರಗಿಸುವ ಮೊದಲು ಕೊಟ್ಟವರ ಹೆಸರನ್ನೂ ಕೊಟ್ಟ ವಸ್ತುವನ್ನೂ ಕಲ್ಲಿನಲ್ಲಿ ಬರೆಯಿಸಿದರು. ಹರಕೆ ಕರಗಿತು, ಹೆಸರು ಉಳಿಯಿತು. ಅಥೆನ್ಸಿನ ಅಸ್ಕ್ಲೀಪಿಯಸ್ ದೇವಾಲಯದ ಇಂಥ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಅಂಗವೆಂದರೆ ಕಣ್ಣು.

ಈ ಪ್ರತಿಕೃತಿಗಳಲ್ಲಿ ಬಹುಪಾಲು ರೋಗದ ಗುರುತಿಲ್ಲದವು. ಅಚ್ಚಿನಲ್ಲಿ ಒತ್ತಿ ತೆಗೆದ ಪಾದ ಪೂರ್ಣವಾಗಿದೆ, ಕಣ್ಣು ನಿರ್ಮಲವಾಗಿದೆ. ಭಕ್ತನು ದೇವರಿಗೆ ಕೊಡುವುದು ನೊಂದ ಅಂಗವನ್ನಲ್ಲ, ಗುಣವಾದ ಅಂಗವನ್ನು. ಮತ್ತೊಂದು ಸಂದಿಗ್ಧವೂ ಇದೆ. ಅಲ್ಲಿ ದೊರೆತ ಕಿವಿಗಳು ಕಿವುಡು ಹೋದವರ ಕಿವಿಗಳೋ, ಬೇಡಿಕೆಯನ್ನು ಆಲಿಸಿದ ದೇವರ ಕಿವಿಗಳೋ ಎಂಬುದನ್ನು ಎಲ್ಲ ಸಂದರ್ಭದಲ್ಲಿಯೂ ಖಚಿತವಾಗಿ ಹೇಳಲಾಗದು. ಪಾದವು ವಾಸಿಯಾದ ಪಾದವೂ ಆಗಬಹುದು, ದೂರದಿಂದ ನಡೆದುಬಂದ ಯಾತ್ರಿಕನ ಪಾದವೂ ಆಗಬಹುದು. ಈ ಸಂದಿಗ್ಧ ಕನ್ನಡನಾಡಿನ ಕಣ್ಣುಬಟ್ಟಿಗೂ ಸಲ್ಲುತ್ತದೆ. ಬೇಡಿಕೊಂಡವಳ ಎಣಿಕೆಯಲ್ಲಿ ಅದು ಮಗುವಿನ ಕಣ್ಣು; ಆದರೆ ಗುಡಿಯಲ್ಲಿ ಬೆಳ್ಳಿಯ ಕಣ್ಣುಗಳನ್ನು ದೇವಿಯ ಮುಖಕ್ಕೆ ಇಡುವ ರೂಢಿಯೂ ಇದೆ. ಹಾಗೆ ಇಟ್ಟಾಗ ಅದು ಯಾರ ಕಣ್ಣು? ಮಗುವಿನದೋ, ದೇವಿಯದೋ? ಹರಕೆಯ ವಿಚಾರದಲ್ಲಿ ಇದಕ್ಕಿಂತ ಆಳವಾದ ಪ್ರಶ್ನೆಯಿಲ್ಲ. ಭಕ್ತನ ಅಂಗವೂ ದೈವದ ಅಂಗವೂ ಒಂದೇ ವಸ್ತುವಿನಲ್ಲಿ ಕೂಡಿಕೊಳ್ಳುವ ಸ್ಥಾನ ಅದು.

ಪ್ರತಿಕೃತಿಯನ್ನು ಕೊಡುವ ಆಚಾರದ ಹಿಂದೆ ಅಂಗವನ್ನೇ ಕೊಡುವ ಭಯಂಕರವಾದ ಭಾವನೆ ಇದೆಯೆಂಬುದಕ್ಕೆ ಎರಡು ದೇಶಗಳಿಂದಲೂ ನಿದರ್ಶನ ಸಿಗುತ್ತದೆ. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವಾಗ್ಮಿ ಏಲಿಯಸ್ ಅರಿಸ್ಟೈಡಿಸ್ ದೀರ್ಘರೋಗಿಯಾಗಿ ಪೆರ್ಗಮಮ್ ನಗರದ ಅಸ್ಕ್ಲೀಪಿಯಸ್ ಕ್ಷೇತ್ರದಲ್ಲಿ ವರ್ಷಗಳನ್ನು ಕಳೆದವನು. ಇಡೀ ದೇಹ ಉಳಿಯಬೇಕಾದರೆ ದೇಹದ ಒಂದು ಭಾಗವನ್ನು ಕತ್ತರಿಸಿ ಕೊಡಬೇಕೆಂದು ದೇವನು ಕನಸಿನಲ್ಲಿ ಹೇಳಿದನಂತೆ. ಆದರೆ ಅದು ಕಠಿಣವೆಂದು ಕರುಣೆದೋರಿ, ಬೆರಳಲ್ಲಿದ್ದ ಉಂಗುರವನ್ನು ತೆಗೆದು ಒಪ್ಪಿಸಿದರೆ ಸಾಕೆಂದನಂತೆ. ಬೆರಳಿಗೆ ಬದಲು ಉಂಗುರ ಸಂದಿತು.

ಕರ್ನಾಟಕದಲ್ಲಿ ಇದು ಕನಸಾಗಿ ಉಳಿಯಲಿಲ್ಲ. ಕೋಲಾರ, ಬೆಂಗಳೂರು ಸೀಮೆಯ ಮೊರಸು ಒಕ್ಕಲಿಗರ ಒಂದು ಶಾಖೆಯಲ್ಲಿ ಹಿರಿಯ ಮಗಳ ಕಿವಿ ಚುಚ್ಚುವ ಸಂದರ್ಭಕ್ಕೆ ತಾಯಿಯು ತನ್ನ ಉಂಗುರದ ಬೆರಳು, ಕಿರುಬೆರಳುಗಳ ತುದಿಗೆಣ್ಣನ್ನು ದೇವರಿಗೆ ಕೊಡುತ್ತಿದ್ದಳು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕನನ್ ಮೊದಲಾಗಿ ಅನೇಕರು ಇದನ್ನು ದಾಖಲಿಸಿದ್ದಾರೆ. ಇದಕ್ಕೆ ಹೇಳುವ ಕಥೆಯೂ ಶಿವನದೇ. ರಾಕ್ಷಸನಿಗೆ ಬೆದರಿ ಹೊಲದಲ್ಲಿ ಅಡಗಿದ ಶಿವನನ್ನು ಒಬ್ಬ ಒಕ್ಕಲಿಗನು ಬೆರಳಿನಿಂದ ತೋರಿಸಿಕೊಟ್ಟನು. ಆ ಬೆರಳು ಹೋಗಲೆಂದು ಶಿವನು ಮುನಿದಾಗ, ಗಂಡನ ಬೆರಳು ಹೋದರೆ ಉಳುಮೆ ನಿಲ್ಲುವುದೆಂದು ಹೆಂಡತಿ ತನ್ನ ಬೆರಳುಗಳನ್ನು ಒಡ್ಡಿದಳು. ಆ ಆಚಾರಕ್ಕೆ ಸರಕಾರದ ನಿಷೇಧ ಬಂದ ಮೇಲೆ, ಬಂಗಾರದ ಇಲ್ಲವೆ ಬೆಳ್ಳಿಯ ಒರೆಯನ್ನು ಬೆರಳಿಗೆ ತೊಡಿಸಿ, ಬೆರಳಿನ ಬದಲು ಅದನ್ನು ತೆಗೆದು ಒಪ್ಪಿಸುವ ಪದ್ಧತಿ ಬಂದಿತು. ಪೆರ್ಗಮಮ್ಮಿನ ಉಂಗುರವೂ ಈ ಒರೆಯೂ ಒಂದೇ ಜಾತಿಯವು. ಲೋಹವು ಮಾಂಸದ ಪ್ರತಿನಿಧಿಯಾಗಿ ನಿಂತಿತು. ನಿಲ್ಲಲೇಬೇಕಾಗಿತ್ತು, ಮಗುವಿನ ಹೆಸರಿನಲ್ಲಿ ತಾಯಿಯ ಬೆರಳನ್ನು ಬೇಡುವ ಆಚಾರವನ್ನು ಹಳತು ಎಂಬ ಒಂದೇ ಕಾರಣಕ್ಕೆ ಸಮರ್ಥಿಸುವವರು ಯಾವ ಶಾಸ್ತ್ರವನ್ನು ಬಲ್ಲವರೋ ತಿಳಿಯದು.

ಇಷ್ಟನ್ನು ಗಮನದಲ್ಲಿಟ್ಟು ಬೇಡರ ಕಣ್ಣಪ್ಪನ ಚರಿತ್ರೆಯನ್ನು ನೋಡಬೇಕು. ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ಆತನ ಕಥೆಯನ್ನು ತಮಿಳಿನಲ್ಲಿ ಸೇಕ್ಕಿಳಾರನು ಪೆರಿಯಪುರಾಣದಲ್ಲಿ ಹೇಳಿದ್ದಾನೆ. ಕನ್ನಡದಲ್ಲಿ ಹರಿಹರನು ರಗಳೆಯಾಗಿ ಹಾಡಿದ್ದಾನೆ. ಕಾಳಹಸ್ತಿಯ ಲಿಂಗದ ಕಣ್ಣಿನಿಂದ ರಕ್ತ ಸುರಿದಾಗ ಬೇಡನು ತನ್ನ ಕಣ್ಣನ್ನು ಕಿತ್ತು ಅಲ್ಲಿಗೆ ಇಟ್ಟನು. ಇನ್ನೊಂದು ಕಣ್ಣಿನಿಂದಲೂ ರಕ್ತ ಬಂದಾಗ, ಕುರುಡಾದ ಮೇಲೆ ಸ್ಥಳ ತಿಳಿಯಲೆಂದು ಕಾಲನ್ನು ಗುರುತಾಗಿ ಊರಿ, ಎರಡನೆಯ ಕಣ್ಣಿಗೂ ಬಾಣವನ್ನೆತ್ತಿದನು. ಶಿವನು ಕೈ ಹಿಡಿದನು. ಹೊರನೋಟಕ್ಕೆ ಇದೂ ಅಂಗಾರ್ಪಣವೇ. ಆದರೆ ಹರಕೆಯ ಕ್ರಮ ಇಲ್ಲಿ ಸಂಪೂರ್ಣವಾಗಿ ತಿರುಗಿದೆ. ರೋಮಿನ ಗುಡಿಯಲ್ಲಿ ರೋಗಿ ಭಕ್ತ, ವೈದ್ಯ ದೇವ. ಕಾಳಹಸ್ತಿಯಲ್ಲಿ ರೋಗಿ ದೇವ, ವೈದ್ಯ ಭಕ್ತ. ‘ನನ್ನ ಕಣ್ಣು ಗುಣವಾದರೆ ನಿನಗೆ ಬೆಳ್ಳಿಯ ಕಣ್ಣು ಕೊಡುವೆ’ ಎಂಬುದು ಹರಕೆಯ ಭಾಷೆ; ಕಣ್ಣಪ್ಪನ ಭಾಷೆಯಲ್ಲಿ ‘ಆದರೆ’ ಎಂಬ ಪ್ರತ್ಯಯವೇ ಇಲ್ಲ. ಪ್ರತಿಕೃತಿಯೂ ಇಲ್ಲ. ಸುರ್ಯದ ಐತಿಹ್ಯದಲ್ಲಿ ರಕ್ತ ಒಸರಿದ ಕಲ್ಲು ಈ ಲಿಂಗಕ್ಕೆ ಸಮೀಪದ್ದು: ದೇವರ ಗಾಯವನ್ನು ಕಂಡು ಬೆದರಿದ ಕ್ಷಣದಿಂದಲೇ ಆ ಕ್ಷೇತ್ರದ ಭಕ್ತಿ ಆರಂಭವಾಗುತ್ತದೆ.

ವೀರಶೈವ ಶಾಸ್ತ್ರವು ಈ ತಾರತಮ್ಯವನ್ನು ಸೂಕ್ಷ್ಮವಾಗಿ ಗುರುತಿಸಿದೆ. ಸಿದ್ಧಾಂತಶಿಖಾಮಣಿಯು ಭಕ್ತಸ್ಥಲದ ಅವಾಂತರಗಳಲ್ಲಿ ಸೋಪಾಧಿದಾನ, ನಿರುಪಾಧಿದಾನ, ಸಹಜದಾನವೆಂದು ದಾನವನ್ನು ಮೂರು ಬಗೆಯಾಗಿ ನಿರೂಪಿಸುತ್ತದೆ. ಫಲದ ಅಪೇಕ್ಷೆಯಿಂದ ಕೊಟ್ಟುದು ಸೋಪಾಧಿ; ಫಲದ ಆಸೆಯನ್ನು ಬಿಟ್ಟು ಈಶ್ವರಾರ್ಪಣವಾಗಿ ಕೊಟ್ಟುದು ನಿರುಪಾಧಿ; ಕೊಡುವವನು, ಕೊಳ್ಳುವವನು, ಕೊಡುವ ವಸ್ತು ಮೂರೂ ಶಿವನೇ ಎಂಬ ಅರಿವಿನಿಂದ ಆದುದು ಸಹಜ. ಮೊದಲನೆಯದನ್ನು ಮುಮುಕ್ಷುಗಳು ಆದರಿಸುವುದಿಲ್ಲವೆಂದು ಗ್ರಂಥವು ಸ್ಪಷ್ಟಪಡಿಸುತ್ತದೆ. ಕಣ್ಣುಬಟ್ಟಿನ ಹರಕೆ ಸೋಪಾಧಿ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಗ್ರಂಥಕಾರರು ಅದನ್ನು ದಾನದ ಪಟ್ಟಿಯಿಂದಲೇ ಹೊರಗೆ ಹಾಕಲಿಲ್ಲ, ಮೊದಲ ಮೆಟ್ಟಿಲಲ್ಲಿ ಇರಿಸಿದರು. ಖಂಡಿಸುವವರು ಈ ಔದಾರ್ಯವನ್ನು ಗಮನಿಸಬೇಕು. ಗುಣವಾದ ಮೇಲೆ ಹರಕೆ ತೀರಿಸಲು ಬಂದವನಿಗೆ ಪಡೆಯಬೇಕಾದುದು ಏನೂ ಉಳಿದಿರುವುದಿಲ್ಲ. ಬಾರದೆ ಇರಲೂ ಆತನಿಗೆ ಸಾಧ್ಯವಿತ್ತು. ರೋಮಿನ ಶಾಸನದ ‘ಸಂತೋಷದಿಂದ’ ಎಂಬ ಪದದಲ್ಲಿ ನಿರುಪಾಧಿಯ ಒಂದು ಬೀಜವಿದೆ.

ಆದರೆ ಗುಣವಾಗದವನ ಗತಿ? ಹರಕೆಯ ಪದ್ಧತಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಕಡಲ ಪ್ರಯಾಣದಲ್ಲಿ ಬದುಕುಳಿದವರು ಒಪ್ಪಿಸಿದ ಹರಕೆಯ ಚಿತ್ರಗಳನ್ನು ತೋರಿಸಿ, ದೇವರಿಲ್ಲವೆನ್ನುವೆಯಾ ಎಂದು ಕೇಳಿದ ಗೆಳೆಯನಿಗೆ, ಮುಳುಗಿದವರ ಚಿತ್ರ ಎಲ್ಲಿಯೂ ಇಲ್ಲವಲ್ಲ ಎಂದು ಡಯಾಗೊರಸನೆಂಬ ಗ್ರೀಕನು ಉತ್ತರಿಸಿದ ಪ್ರಸಂಗವನ್ನು ಸಿಸೆರೋ ಹೇಳುತ್ತಾನೆ. ಪೊಂಟೆ ದಿ ನೋನಾದ ಎಂಟು ಸಾವಿರ ಅಂಗಗಳಿಗೂ ಆ ಮಾತು ಅನ್ವಯಿಸುತ್ತದೆ. ಮಗುವಿನ ಕಣ್ಣು ಮರಳಿ ಬಾರದಿದ್ದಾಗ ತಾಯಿಯು ತನ್ನ ಭಕ್ತಿಯಲ್ಲಿಯೇ ಕುಂದಿತ್ತೇನೋ ಎಂದು ಮರುಗುತ್ತಾಳೆ. ಇನ್ನೂ ದೊಡ್ಡ ಹರಕೆ ಹೊರುತ್ತಾಳೆ. ಹರಕೆಯನ್ನು ನೆಚ್ಚಿ ಚಿಕಿತ್ಸೆಯನ್ನು ತಡಮಾಡಿದರಂತೂ ಹಾನಿಯೇ. ಪ್ರಾಚೀನರಲ್ಲಿಯೂ ದೇವಾಲಯ ಮತ್ತು ವೈದ್ಯಶಾಸ್ತ್ರಗಳಿಗೆ ವೈರವಿರಲಿಲ್ಲ. ಮಹಾವೈದ್ಯನಾದ ಗ್ಯಾಲೆನ್ ಪೆರ್ಗಮಮ್ಮಿನವನು, ತಾನು ಅಸ್ಕ್ಲೀಪಿಯಸನ ಸೇವಕನೆಂದು ಹೇಳಿಕೊಂಡವನು.

ಗುಣವಾಗದವನಿಗೂ ಸ್ಥಾನ ದೊರೆಯುವುದು ಷಟ್‌ಸ್ಥಲದ ಅರ್ಪಣತತ್ತ್ವದಲ್ಲಿ. ಅಲ್ಲಿ ಅಂಗಗಳನ್ನು ಬೆಳ್ಳಿಯಲ್ಲಿ ಮಾಡಿಸಬೇಕಾಗಿಲ್ಲ. ಅವು ಇದ್ದ ಸ್ಥಳದಲ್ಲಿಯೇ ಲಿಂಗದ ಮುಖಗಳು. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಗಂಧ, ರಸ, ರೂಪ, ಸ್ಪರ್ಶ, ಶಬ್ದಗಳು ಆಯಾ ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತವೆ. ಹೃದಯದ ತೃಪ್ತಿ ಮಹಾಲಿಂಗಕ್ಕೆ. ಕಣ್ಣುಬಟ್ಟಿನ ಮುಂದೆ ಹುಟ್ಟಿದ ಪ್ರಶ್ನೆಗೆ, ಅದು ಯಾರ ಕಣ್ಣು ಎಂಬುದಕ್ಕೆ, ಇಲ್ಲಿ ಉತ್ತರವಿದೆ: ಕಣ್ಣು ಅಂಗದ್ದೂ ಹೌದು, ಲಿಂಗದ್ದೂ ಹೌದು. ಒಂದು ಇಂದ್ರಿಯ ಕೆಟ್ಟವನಿಗೆ ಉಳಿದವುಗಳ ಅರ್ಪಣ ತಪ್ಪುವುದಿಲ್ಲ. ಎಲ್ಲವೂ ಕುಂದಿದವನಿಗೆ ಹೃದಯದ ಮಹಾಲಿಂಗ ಉಳಿದೇ ಇದೆ. ರೋಗ ವಾಸಿಯಾಗಲೆಂಬ ಷರತ್ತಿಗೆ ಇಲ್ಲಿ ಎಡೆಯಿಲ್ಲ.

ಇತ್ತೀಚಿನ ಕಾಲದಲ್ಲಿ ಕಣ್ಣನ್ನು ಕೊಡುವುದಕ್ಕೆ ಇನ್ನೊಂದು ಅರ್ಥವೂ ಬಂದಿದೆ. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಕಣ್ಣಪ್ಪನಾಗಿ ಅಭಿನಯಿಸಿ ಪ್ರಸಿದ್ಧರಾದ ಡಾ. ರಾಜಕುಮಾರ್ ಅವರು ತಮ್ಮ ಕಣ್ಣುಗಳನ್ನು ದಾನಮಾಡುವುದಾಗಿ ಮೊದಲೇ ಸಂಕಲ್ಪ ಮಾಡಿದ್ದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಆ ಕಣ್ಣುಗಳು ಪಡೆಯಬೇಕಾದವರಿಗೆ ಸಂದವು. ಇಂಥ ದಾನದಲ್ಲಿ ವೈದ್ಯರು ಮುಖ್ಯವಾಗಿ ಬಳಸುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು. ಮರಣದ ಅನಂತರ ಸುಮಾರು 6 ಗಂಟೆಗಳೊಳಗೆ ಅದನ್ನು ತೆಗೆಯಬೇಕು. ಮುಖದ ರೂಪ ಕೆಡುವುದಿಲ್ಲ. ಆದುದರಿಂದ ಪಾರ್ಥಿವ ಶರೀರವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ ಸಮಾಧಿ ಮಾಡುವ ವೀರಶೈವ ಸಂಸ್ಕಾರಕ್ಕೆ ಅದರಿಂದ ಯಾವ ಅಡ್ಡಿಯೂ ಬರುವುದಿಲ್ಲ.